ತಟ್ಟೆಯಕ್ಕ ಮುರಿದ ಆಣೆ

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯ ಮನೋರೋಗ ವಿಭಾಗದ ಮುಂದಿನ ಉದ್ದನೆಯ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ ಹರಡಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಆಯಾ ಬೆಂಚುಗಳನ್ನು ಒರೆಸಿ ಮುಗಿಸುತ್ತಾರೆ. ಕೈ ತೊಳೆದು, ಒಂದರೊಳಗೊಂದು ಜೋಡಿಸಿಟ್ಟ ಸ್ಟೀಲ್ ತಟ್ಟೆಗಳನ್ನು ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತಾರೆ. ಊಟಕ್ಕಲ್ಲ. ಇಲ್ಲಿ ಡಾಕ್ಟರನ್ನು ಕಾಣುವ ಮುನ್ನ ಪ್ರತಿಯೊಬ್ಬರೂ ತಾವು ನುಂಗುವ ಮಾತ್ರೆಗಳನ್ನೆಲ್ಲ ತಟ್ಟೆಗೆ ಸುರಿದು, ಅದನ್ನು ಹಿಡಿದುಕೊಂಡೇ ಒಳಗೆ ಹೋಗಬೇಕು. ಈ ಕಟ್ಟಳೆ ಮಾಡಿದವರು ಇವರೇ. ಹಾಗಾಗಿ ಎಲ್ಲರ ಬಾಯಲ್ಲೂ ಇವರು ತಟ್ಟೆಯಕ್ಕ.

ಬಾಗಿಲು ತೆರೆಯುತ್ತಲೇ ಮೊದಲು ಬರುವವರು ಒಬ್ಬ ನಿವೃತ್ತ ಬಸ್ ಡ್ರೈವರು. "ಒಂದೇ ಮಾತ್ರೆ ಕಣಮ್ಮ ನಂದು" ಎನ್ನುತ್ತಾರೆ. ತಟ್ಟೆಯಕ್ಕ ಅವರ ಉಬ್ಬಿದ ಜೇಬಿನತ್ತ ಬೆರಳು ತೋರಿಸುತ್ತಾರೆ. ಜೇಬಿನಿಂದ ಒಂದು ಕೆಮ್ಮಿನ ಸಿರಪ್ಪು, ಯಾವುದೋ ಬೇರಿನ ಪುಡಿ, ಅರ್ಧ ಖಾಲಿಯಾದ ಇನ್ನೊಂದು ಮಾತ್ರೆಪಟ್ಟಿ ಹೊರಬರುತ್ತವೆ.

"ಇದು ಯಾರ್ದು?"

"ನಮ್ಮ ಮನೆಯವಳ್ದು. ಅವಳಿಗೆ ಒಳ್ಳೆ ನಿದ್ದೆ ಬರತ್ತೆ, ಅದಕ್ಕೇ ನಾನೂ ಒಂದೊಂದು..."

"ಹಾಗಾದ್ರೆ ಅವರ ಕನ್ನಡಕಾನೂ ಹಾಕ್ಕೊಂಡೇ ಬಸ್ ಓಡಿಸ್ತಿದ್ರಾ ಯಜಮಾನ್ರೇ?"

ಬೆಂಚೆಲ್ಲ ನಗುತ್ತದೆ. ಡ್ರೈವರೂ ನಕ್ಕು, ತಟ್ಟೆ ಹಿಡಿದು ಒಳಗೆ ನಡೆಯುತ್ತಾರೆ.

ಯಾವ ಮಾತ್ರೆ ಯಾವುದಕ್ಕೆಂದು ತಟ್ಟೆಯಕ್ಕನಿಗೆ ತಿಳಿಯದು, ತಿಳಿದವರಂತೆ ನಟಿಸುವುದೂ ಇಲ್ಲ. "ಅದು ಒಳಗಿರೋರ ಕೆಲಸ. ಮುಚ್ಚಿಟ್ಟಿದ್ದನ್ನ ಹೊರಗೆ ತೆಗೆಸೋದು ನಂದು" ಎನ್ನುತ್ತಾರೆ.

ಮುಚ್ಚಿಟ್ಟ ಮಾತ್ರೆ ಏನು ಮಾಡುತ್ತದೆಂದು ಅವರು ತಮ್ಮ ಮನೆಯಲ್ಲೇ ಕಂಡಿದ್ದಾರೆ. ಅವರಿಗೊಬ್ಬಳು ತಂಗಿ. ತಾಯಿ ಬೇಗ ತೀರಿಕೊಂಡದ್ದರಿಂದ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ ಕೂಸು. ಮದುವೆಗೆ ಮುಂಚೆಯೇ ತಂಗಿಗೆ ಖಿನ್ನತೆಯಿತ್ತು, ಮಾತ್ರೆ ನಡೆದಿತ್ತು. ಗಂಡನ ಮನೆಯಲ್ಲಿ ಗೊತ್ತಾದರೆ ಹುಚ್ಚಿ ಎಂದಾರು ಎಂಬ ಭಯಕ್ಕೆ ಅವಳು ಮಾತ್ರೆಗಳನ್ನು ಹೊಲಿಗೆಯ ಗುಂಡಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. "ಅಕ್ಕಾ, ನನ್ನಾಣೆ, ಯಾರಿಗೂ ಹೇಳ್ಬೇಡ" ಎಂದಿದ್ದಳು. ಅಕ್ಕ ಹೂಂ ಎಂದಿದ್ದರು.

ಒಮ್ಮೆ ತಲೆನೋವು, ನಿದ್ದೆಯಿಲ್ಲ ಎಂದು ಗಂಡ ಅವಳನ್ನು ಬೇರೊಬ್ಬ ಡಾಕ್ಟರ ಬಳಿ ಕರೆದೊಯ್ದ. ಬೇರೆ ಮಾತ್ರೆ ಏನಾದರೂ ನಡೆದಿದೆಯೇ ಎಂದು ಅವರು ಕೇಳಿಯೇ ಕೇಳಿದರು. ಪಕ್ಕದಲ್ಲಿ ಗಂಡ ಕೂತಿದ್ದ. ಇಲ್ಲ ಎಂದಳು. ಅವರು ಬರೆದುಕೊಟ್ಟದ್ದೂ ಖಿನ್ನತೆಗೇ ಬಳಸುವ ಇನ್ನೊಂದು ಬಗೆಯ ಔಷಧ. ಹಳೆಯದರ ಜೊತೆ ಹೊಸದೂ ಹೊಟ್ಟೆ ಸೇರಿತು.

ಮರುದಿನ ಅಕ್ಕ ನೋಡಲು ಹೋದಾಗ ತಂಗಿ ಬೆವರಿನಲ್ಲಿ ತೊಯ್ದಿದ್ದಳು. ಮೈ ಕೆಂಡ, ಕೈ ನಡುಕ, ಕಾಲುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು, ಮಾತು ಎತ್ತೆತ್ತಲೋ ಹರಿಯುತ್ತಿತ್ತು. ಮನೆಯವರು ಜ್ವರವೆಂದುಕೊಂಡು, ಹೊಸ ಮಾತ್ರೆ ಇನ್ನೊಂದನ್ನು ನುಂಗಿಸಲು ನೀರು ಹಿಡಿದು ನಿಂತಿದ್ದರು. ಬಚ್ಚಿಟ್ಟ ಮಾತ್ರೆಗಳ ನೆನಪಾಗಿ ಅಕ್ಕ ಲೋಟ ಕಸಿದುಕೊಂಡರು. ಎಲ್ಲರೆದುರು ಗುಂಡಿ ಡಬ್ಬಿ ಮಗುಚಿದರು. ಎರಡೂ ಬಗೆಯ ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ತಂಗಿಯನ್ನು ಆಸ್ಪತ್ರೆಗೆ ಸೇರಿಸಿದರು.

ಇಲ್ಲಿನ ಡಾಕ್ಟರಮ್ಮ ಇದನ್ನು ಬಿಡಿಸಿ ಹೇಳುತ್ತಾರೆ: "ಮಿದುಳಿನಲ್ಲಿ ಸಿರೊಟೋನಿನ್ ಅನ್ನೋ ರಾಸಾಯನಿಕ ಇದೆ. ಅದನ್ನ ಹೆಚ್ಚಿಸೋ ಎರಡು ಔಷಧ ಗೊತ್ತಿಲ್ಲದೆ ಒಟ್ಟಿಗೆ ಸೇರಿದ್ರೆ ಅದು ಮಿತಿಮೀರಬಹುದು. ಇದೇ ಸಿರೊಟೋನಿನ್ ಸಿಂಡ್ರೋಮ್. ತಡವಾದ್ರೆ ಜೀವಕ್ಕೇ ಅಪಾಯ. ಹಾಗಂತ ಹೆದರಿ ನೀವೇ ಮಾತ್ರೆ ನಿಲ್ಲಿಸ್ಬೇಡಿ, ಅದೂ ತಪ್ಪು. ನಮ್ಮ ಹತ್ರ ಎಲ್ಲಾನೂ ಹೇಳಿ, ಅಷ್ಟೇ."

ತಂಗಿ ಉಳಿದಳು. ಆದರೆ ಗುಟ್ಟು ಬೀದಿಗೆ ಬಿತ್ತು, ಅತ್ತೆಮನೆಯವರು ಆಡಬಾರದ್ದನ್ನೆಲ್ಲ ಆಡಿದರು. ಆಸ್ಪತ್ರೆಯ ಮಂಚದಲ್ಲೇ ಅವಳು ಅಕ್ಕನಿಗೆ ಬೆನ್ನು ತಿರುಗಿಸಿದಳು. "ನೀನು ಹೇಳ್ಬಾರದಿತ್ತು" ಎಂದದ್ದೇ ಕೊನೆಯ ಮಾತು. ಇಬ್ಬರೂ ಇರುವುದು ಒಂದೇ ಊರಿನಲ್ಲಿ. ಅಂಗಡಿ ಬೀದಿಯಲ್ಲಿ ಅಕ್ಕನನ್ನು ಕಂಡರೆ ತಂಗಿ ರಸ್ತೆ ದಾಟಿ ಹೋಗುತ್ತಾಳೆ.

ಆಮೇಲೆಯೇ ಅಕ್ಕ ಈ ವಿಭಾಗಕ್ಕೆ ಕೆಲಸ ಕೇಳಿಕೊಂಡು ಬಂದದ್ದು. ತಂಗಿಯೂ ಮಾತ್ರೆಗಾಗಿ ಎಲ್ಲಾದರೂ ಡಾಕ್ಟರಿಗೆ ತೋರಿಸಲೇಬೇಕು, ಒಂದು ದಿನ ಇಲ್ಲಿಗೇ ಬಂದಾಳು ಎಂಬ ಆಸೆ. ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹೆಂಗಸನ್ನು ಕಂಡರೆ ಈಗಲೂ ಕೈಯಲ್ಲಿನ ತಟ್ಟೆ ಕೆಳಗಿಡುತ್ತಾರೆ. ಏನೋ ನೆಪ ಮಾಡಿಕೊಂಡು ಹತ್ತಿರ ಹೋಗಿ ಮುಖ ನೋಡಿ, ಬರಿಗೈಯಲ್ಲಿ ಮೇಜಿಗೆ ಮರಳುತ್ತಾರೆ. ಕರುಳು ಕೇಳಬೇಕಲ್ಲ.

ಆ ದಿನ ಮತ್ತೆ ಬಂದರೆ ಆಣೆ ಉಳಿಸಿಕೊಳ್ಳುತ್ತೀರಾ ಎಂದು ಕೇಳಿದರೆ ಅವರು ತಡವರಿಸುವುದಿಲ್ಲ.

"ಮತ್ತೆ ಮುರೀತೀನಿ. ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕಾದ್ರೂ ಅವಳು ಬದುಕಿರಬೇಕಲ್ವಾ?"

ಮುಂದಿನವರಿಗೆಂದು ಒಂದು ತಟ್ಟೆ ತೆಗೆದಿಡುತ್ತಾರೆ.

"ರಾಜಿ ಗೀಜಿ ಏನೂ ಬೇಡ. ಒಂದ್ಸಲ ಎದುರಿಗೆ ನಿಂತು, ಬಾಯಿಗೆ ಬಂದ ಹಾಗೆ ಬೈದು ಹೋಗ್ಲಿ. ಅವಳ ದನಿ ಕೇಳಿ ವರ್ಷಗಳೇ ಆಗೋಯ್ತು."