ಎರಡು ಗಡಿಗೆ, ಹನ್ನೊಂದು ಕಂಡಿಕೆ

"ನೀ ಸೋತೀ, ಇನ್ನ ಹಿಂದ ಸರಿಯವಾ" ಎಂದು ಒಬ್ಬ ಹೆಂಗಸಿಗೆ ಹೇಳಿ ಬರಲು ಹೋದವಳು, ಈ ಮಂಗಳವಾರ, ಅವಳು ಕೊಟ್ಟ ಚಹಾವನ್ನೂ ಕುಡಿಯದೆ ಎದ್ದು ಬಂದೆ. ಸಿಟ್ಟಿನಿಂದಲ್ಲ. ಅವಳು ಕೇಳಿದ ಒಂದು ಪ್ರಶ್ನೆಯಿಂದ.

ಎಲ್ಲಿಂದ ಶುರು ಮಾಡಲಿ? ಗಡಿಗೆಗಳಿಂದಲೇ ಮಾಡುತ್ತೇನೆ.

ಇಳಕಲ್ಲಿನ ನಮ್ಮ ವಾರ್ಡಿನಲ್ಲಿ ಐದು ಓಣಿ. ಐದೂ ನೇಕಾರರವೇ. ಮುನ್ಸಿಪಾಲಿಟಿ ಎಲೆಕ್ಷನ್ ಬಂದಿದೆ, ವಾರ್ಡು ಈ ಸಲ ಮಹಿಳಾ ಮೀಸಲು. ಹಿಂದಿನ ಸಲ ನಮ್ಮವರೇ ಇಬ್ಬರು ನಿಂತು, ವೋಟು ಒಡೆದು, ಮೂರನೆಯವನು ಹಾರ ಹಾಕಿಸಿಕೊಂಡು ಹೋದ. ಅದಕ್ಕೇ ಹಿರಿಯರು ಹಳೆಯ ಪದ್ಧತಿಯೊಂದನ್ನು ಮತ್ತೆ ಹೊರತೆಗೆದರು. ಸರ್ಕಾರದ ಎಲೆಕ್ಷನ್ನಿಗೆ ಮೊದಲು ನಮ್ಮದೇ ಒಂದು ಎಲೆಕ್ಷನ್. ಕಟ್ಟೆಯ ಮೇಲೆ ಎರಡು ಗಡಿಗೆ, ಮುಂದೆ ಹಳೇ ಸೀರೆಯ ಪರದೆ. ಮಗ್ಗ ಇರುವ ಪ್ರತಿ ಮನೆಯಿಂದ ಒಂದು ಕಂಡಿಕೆ. (ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ನೇಕಾರರ ಮನೆಯಲ್ಲಿ ಅಕ್ಕಿ ಮುಗಿದರೂ ಕಂಡಿಕೆ ಮುಗಿಯುವುದಿಲ್ಲ.) ದಿನಕ್ಕೆ ಒಂದು ಓಣಿ. ಸಂಜೆ ಎಲ್ಲರ ಎದುರು ಗಡಿಗೆ ಬೋರಲು ಹಾಕಿ ಎಣಿಸುವುದು. ಸೋತವರು ಶನಿವಾರ ಮಧ್ಯಾಹ್ನ ಮೂರರೊಳಗೆ ನಾಮಪತ್ರ ವಾಪಸ್ ತಗೊಳ್ಳಬೇಕು.

ಗುಪ್ತ ಮತದಾನ ಎಂದೇ ಹೇಳುತ್ತೇವೆ. ಆದರೆ ಗಡಿಗೆ ಬೋರಲು ಬಿದ್ದ ಕೂಡಲೇ, ನೂಲಿನ ಬಣ್ಣ ನೋಡಿ ಯಾವುದು ಯಾರ ಮನೆಯದು ಎಂದು ಹೇಳುವ ಜನ ನಾವು. ಏನು ಗುಪ್ತವೋ!

ಅರಿಶಿನದ ಬೊಟ್ಟಿನ ಗಡಿಗೆ ಶಾಂತಕ್ಕನದು. ಸೀರೆ ಅಂಗಡಿಯವರ ಹೆಂಡತಿ, ಮೆದು ಮಾತಿನವಳು. ಕುಂಕುಮದ ಬೊಟ್ಟಿನದು ನೀಲವ್ವನದು. ಕಮತಗಿಯಿಂದ ಸೊಸೆಯಾಗಿ ಬಂದು, ಗಂಡ ಹೋದ ಮೇಲೆ, ಸ್ವಂತ ಮಗ್ಗವಿಲ್ಲದೆ, ಕೊಂಡಿ ಹಾಕಿ ಬದುಕುತ್ತಿರುವವಳು. ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಜೋಡಿಸುವ ಕೆಲಸ ಅದು, ಮನೆಮನೆಗೆ ಹೋಗಿ ಮಗ್ಗದ ಮುಂದೆ ಕೂತು ಮಾಡಬೇಕು. ಹಾಗಾಗಿ ಯಾರ ಮನೆಯ ನಲ್ಲಿ ಸೋರುತ್ತದೆ, ಯಾರ ಮನೆ ಮುಂದೆ ಗಟಾರ ನಿಂತಿದೆ, ಅವಳಿಗೆ ಗೊತ್ತಿಲ್ಲದ್ದು ಇಲ್ಲ.

ಮೂರು ಓಣಿ ಮುಗಿದಾಗ ಶಾಂತಕ್ಕನಿಗೆ ಅರವತ್ನಾಲ್ಕು ಕಂಡಿಕೆ. ನೀಲವ್ವನಿಗೆ ಹನ್ನೊಂದು.

ಉಳಿದ ಎರಡು ಓಣಿಯಲ್ಲಿ ಇರುವುದೇ ಐವತ್ತಾರು ಮನೆ. ಅಷ್ಟೂ ಅಂತೂ ಬೀಳುವುದಿಲ್ಲ. ಮತ್ತೇಕೆ ಎರಡು ಸಂಜೆ ಹಾಳು? ನಮ್ಮ ಯಜಮಾನರು ಪೇಪರ್ ಮಡಚುತ್ತಾ, "ಅಮೆರಿಕಾದಾಗೂ ಇದ ಗೋಳು ನಡದೇತಿ ನೋಡು. ಪಾರ್ಟಿಯಿಂದ ಯಾರು ನಿಲ್ಲಬೇಕಂತ ಒಂದೊಂದ ರಾಜ್ಯ ಒಂದೊಂದ ದಿನ ವೋಟ್ ಹಾಕ್ತಾವ. ಸೋಲಾಕತ್ತಾಕಿ ಸರೀವಲ್ಲಳು, ಗೆಲ್ಲಾಕತ್ತಾಂವ ನಿದ್ದಿ ಮಾಡವಲ್ಲ" ಎಂದರು. ಆಮೇಲೆ, "ನೀ ಹೋಗಿ ಹೇಳು. ಹೆಣ್ಣಮಕ್ಕಳ ಮಾತು ಹೆಣ್ಣಮಕ್ಕಳು ಕೇಳ್ತಾರ" ಎಂದರು.

ಹೋದೆ. ನನಗೂ ಅದು ಸರಿ ಎನಿಸಿತ್ತು. ಮರ್ಯಾದೆ ಇರುವಾಗಲೇ ಸರಿಯುವುದು ಒಳ್ಳೆಯದಲ್ಲವೇ? ಇಂಥ ಮಾತನ್ನು ಇದೇ ಅಂಕಣದಲ್ಲಿ ನಿಮಗೂ ಎಷ್ಟು ಸಲ ಹೇಳಿಲ್ಲ ನಾನು!

ನೀಲವ್ವ ಚಾಪೆ ಹಾಸಿದಳು. ಚಹಾ ಇಟ್ಟಳು. ಕೇಳಿದಳು.

"ಏನ್ ಹೇಳಾಕ ಬಂದೀರಿ ಗೊತ್ತೈತ್ರಿ ಅಕ್ಕಾರ. ಇನ್ನ ಎರಡ ಓಣಿ ಉಳದಾವಲ್ರಿ? ಅವ್ರನ್ನ ಕೇಳೂದ ಬ್ಯಾಡೇನ್ರಿ?"

"ಕೇಳಿದ್ರೂ ಏನ್ ಆಗ್ತೈತಿ ನೀಲವ್ವಾ? ಮೂರು ಓಣಿ ಮಂದಿ ಹೇಳ್ಯಾರಲ್ಲ?"

"ಮಂದಿ ಅಂದ್ರ?" ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಯಾರಿಗೆ ಹಾಕಿದ್ರಿ?"

ಮುಚ್ಚಿಡುವುದೇಕೆ? "ನಮ್ಮನಿದು ಶಾಂತಕ್ಕಗ ಹೋತು" ಎಂದೆ.

"ಮನಿದಲ್ರಿ. ನಿಮ್ದು ಕೇಳಿದೆ."

ಲೋಟ ಕೈಯಲ್ಲೇ ಉಳಿಯಿತು.

ನನ್ನದು? ನಾನು ಹಾಕಿಯೇ ಇರಲಿಲ್ಲ. ಮಗ್ಗ ಇರುವುದು ಯಜಮಾನರ ಹೆಸರಿನಲ್ಲಿ, ಗಡಿಗೆಗೆ ಕೈ ಇಟ್ಟದ್ದು ಅವರು. ಪಕ್ಕದ ಮನೆಯಲ್ಲೂ ಅಷ್ಟೇ. ಎದುರು ಮನೆ? ಅಲ್ಲೂ ಅಷ್ಟೇ. ಒಂದೊಂದೇ ಬಾಗಿಲು ನೆನಪಿಸಿಕೊಂಡೆ. ಮೂರು ಓಣಿ, ಎಪ್ಪತ್ತೈದು ಮನೆ, ಎಪ್ಪತ್ತೈದು ಗಂಡಸರು. ಸೀಟು ಹೆಂಗಸರದು, ನಿಂತವರು ಇಬ್ಬರೂ ಹೆಂಗಸರು, ಎಪ್ಪತ್ತೈದು ಕಂಡಿಕೆಗಳನ್ನು ರಾಟೆ ತಿರುಗಿಸಿ ಸುತ್ತಿದವರು ಹೆಂಗಸರು. ಹಾಕಿದ ಹೆಂಗಸು ಒಬ್ಬಳೂ ಇಲ್ಲ!

ಶಾಕ್ ಆದದ್ದು ಅದಕ್ಕಲ್ಲ. ಮೂರು ಸಂಜೆಯೂ ನಾನು ಕಟ್ಟೆಯ ಎದುರೇ ನಿಂತಿದ್ದೆ. ಓಣಿಯಲ್ಲಿ ಯಾರ ಮನೆಯ ಹಪ್ಪಳ ಎಷ್ಟು ದಿನಕ್ಕೆ ಒಣಗಿತು ಎಂದು ಬರೆಯುವವಳು ನಾನು. ನನ್ನ ಕಣ್ಣಿಗೆ ಇದು ಬೀಳಲೇ ಇಲ್ಲವಲ್ಲ?

"ನಾ ಬ್ಯಾರೇ ಏನೂ ಕೇಳವಲ್ಲೆ" ಎಂದಳು ನೀಲವ್ವ. "ಆ ಪಾಯಖಾನಿ ಕೀಲಿ ತಗಸಬೇಕು. ಅಷ್ಟ. ಅದು ಗಂಡಸರಿಗೆ ಬೇಕಾಗಿದ್ದಲ್ಲ. ಬೇಕಾದವ್ರನ್ನ ಯಾರೂ ಕೇಳಿಲ್ಲ."

ನಮ್ಮ ವಾರ್ಡಿನ ಹೆಂಗಸರ ಪಾಯಖಾನೆಯ ಕಥೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಟ್ಟಿಸಿ ಎಷ್ಟೋ ಕಾಲವಾಯಿತು. ನೀರಿಲ್ಲವೆಂದು ಬೀಗ ಹಾಕಿದ್ದಾರೆ. ಬೀಗ ಹಾಕಿದೆಯೆಂದು ನೀರು ಬಿಡುವುದಿಲ್ಲ. ಐದು ಓಣಿಯ ಹೆಂಗಸರು ಹೊತ್ತು ಹುಟ್ಟುವ ಮೊದಲು ಹಳ್ಳದ ದಂಡೆಗೆ ಹೋಗುತ್ತಾರೆ. ಹೊಟ್ಟೆ ಕೆಟ್ಟ ದಿನ ಏನು ಮಾಡುತ್ತಾರೆ ಎಂದು ಕೇಳಬೇಡಿ.

ಕಟ್ಟೆಯ ಮೇಲೆ ಹಿರಿಯರು ಕಾಯುತ್ತಿದ್ದರು. ಎಲ್ಲರಿಗೂ ಹಿರಿಯ ಸಂಗಪ್ಪಜ್ಜ. ಈ ಗಡಿಗೆಗಳೂ ಅವನ ಮನೆಯವೇ, ಕಟ್ಟೆಯೂ ಅವನದೇ.

"ಏನಂದ್ಲವಾ? ಸರೀತಾಳಂತೇನು?"

"ಇಲ್ಲಜ್ಜಾ. ಉಳದ ಎರಡು ಓಣ್ಯಾಗ ಗಂಡಸರಲ್ಲ, ಹೆಣ್ಣಮಕ್ಕಳು ಕಂಡಿಕಿ ಹಾಕ್ಲಿ."

ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಗಾಬರಿ. ಯಜಮಾನರು ಕೆಮ್ಮಿದರು. ಯಾರೋ ಒಬ್ಬರು, "ಹಂಗಾರ ಮನಿ ಮನ್ಯಾಗ ಎರಡ ಪಾರ್ಟಿ ಆಗ್ತಾವ" ಎಂದರು. ಇನ್ನೊಬ್ಬರು, "ಈಗೇನ್ ಒಂದೈತೇನ್ಲೇ ನಿಮ್ಮನ್ಯಾಗ?" ಎಂದು ನಗಿಸಿದರು.

ಸಂಗಪ್ಪಜ್ಜ ಬೆರಳು ಮಡಚಿ ಲೆಕ್ಕ ಹಾಕಿದ. "ಹಾಕ್ಲಿ ಬಿಡ್ರಿ. ಏನ್ ಹಾಕಿದ್ರೂ ಶಾಂತಾನ ಬರಾಕಿ. ನೀಲವ್ವಂದೂ ಸಮಾಧಾನ ಆಗ್ಲಿ."

ಹೀಗೆ ಸಿಕ್ಕಿತು ನಮಗೆ ಹಕ್ಕು. ಏನೂ ಬದಲಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ.

ಬುಧವಾರ ನಾಲ್ಕನೆಯ ಓಣಿ. ಮನೆಗೊಂದೇ ಕಂಡಿಕೆ, ಅತ್ತೆ ಹಾಕಬೇಕೋ ಸೊಸೆಯೋ ಎಂದು ಮೂರು ಮನೆಯಲ್ಲಿ ಜಗಳ. ಕೊನೆಗೆ ಇಬ್ಬರೂ ಒಂದೇ ಕಂಡಿಕೆಯನ್ನು ಹಿಡಿದುಕೊಂಡು ಪರದೆಯ ಹಿಂದೆ ಹೋದರು. ಸಂಜೆ ಮೊದಲು ಅರಿಶಿನದ ಗಡಿಗೆ ಬೋರಲು ಹಾಕಿದರು. ನಾಲ್ಕು ಬಿದ್ದವು. ಅಲುಗಾಡಿಸಿದರು. ಅಷ್ಟೇ.

ಕುಂಕುಮದ ಗಡಿಗೆಯಿಂದ ಇಪ್ಪತ್ತೇಳು.

ಸಂಗಪ್ಪಜ್ಜ ಆ ಗುಂಪಿನಿಂದ ಒಂದು ಕಂಡಿಕೆ ಎತ್ತಿ ಬೆಳಕಿಗೆ ಹಿಡಿದ. ಗುಲಾಲಿನ ಬಣ್ಣದ ರೇಷ್ಮೆ. ಈ ವಾರ ಐದೂ ಓಣಿಯಲ್ಲಿ ಆ ಬಣ್ಣದ ರೇಷ್ಮೆ ಏರಿರುವುದು ಒಂದೇ ಮಗ್ಗಕ್ಕೆ. ಅದು ಎಲ್ಲರಿಗೂ ಗೊತ್ತು.

"ಇದು... ತಪ್ಪಿ ಬಿತ್ತೇನವಾ ಶಾಂತಾ?"

ಶಾಂತಕ್ಕ ಹೆಂಗಸರ ಗುಂಪಿನಿಂದ ಮುಂದೆ ಬಂದಳು. ನಾನು ಅವಳ ಗಟ್ಟಿ ದನಿ ಕೇಳಿದ್ದು ಅವತ್ತೇ ಮೊದಲು.

"ತಪ್ಪಿಲ್ಲಜ್ಜಾ. ನಾನ ಹಾಕೇನಿ."

ಅವಳ ಗಂಡ ಅಲ್ಲೇ ನಿಂತಿದ್ದರು. ನಗಬೇಕೋ ಗದರಬೇಕೋ ತಿಳಿಯದ ಮುಖ. "ತಲಿ ಕೆಟ್ಟೇತೇನು? ನಿನಗ ನೀ ಹಾಕ್ಕೋಬೇಕಿಲ್ಲ?"

"ನಿಲ್ತೀಯೇನು ಅಂತ ನನ್ನ ಕೇಳಿದ್ರೇನ್ರಿ ನೀವು? ಸಹಿ ಮಾಡು ಅಂದ್ರಿ, ಮಾಡಿದೆ. ನಾ ಆರಿಸಿ ಬಂದ್ರ ಆಫೀಸಿಗೆ ಹೋಗಾವ್ರು ನೀವು. ಆಕಿ ಬಂದ್ರ ಆಕೀನ ಹೋಗ್ತಾಳ."

ಅಯ್ಯೋ ಶಿವನೇ! ಗೆಲ್ಲುತ್ತಿದ್ದವಳೇ ತನಗೆ ವೋಟು ಹಾಕಿಕೊಂಡಿಲ್ಲ! ಈ ವಯಸ್ಸಿನ ತನಕ ಎಷ್ಟು ಎಲೆಕ್ಷನ್ ನೋಡಿದ್ದೇನೆ, ಇಂಥದ್ದು ನೋಡಿರಲಿಲ್ಲ. ಆ ಅರವತ್ನಾಲ್ಕು ಕಂಡಿಕೆ ಬಿದ್ದದ್ದು ಯಾರಿಗೆ ಹಾಗಾದರೆ?

ಗುರುವಾರ ಐದನೆಯ ಓಣಿ. ನೀಲವ್ವನಿಗೆ ಇಪ್ಪತ್ತೆರಡು, ಶಾಂತಕ್ಕನಿಗೆ ಮೂರು. ಸಂಗಪ್ಪಜ್ಜ ಒಟ್ಟು ಕೂಡಿಸಿದ. ಶಾಂತಕ್ಕನಿಗೆ ಎಪ್ಪತ್ತೊಂದು, ನೀಲವ್ವನಿಗೆ ಅರವತ್ತು. "ಲೆಕ್ಕಾ ಲೆಕ್ಕಾನ. ನೀಲವ್ವಾ, ಶನಿವಾರ ವಾಪಸ್ ತಗೋಬೇಕವಾ" ಎಂದ. ಅವನ ದನಿಯಲ್ಲಿ ಮೊದಲಿನ ಕಸುವು ಇರಲಿಲ್ಲ.

ನೀಲವ್ವ ಜಗಳ ತೆಗೆಯಲಿಲ್ಲ. "ಮಾತು ಕೊಟ್ಟೇನಜ್ಜಾ. ತಗೋತೇನಿ" ಎಂದಳು. ಕೊಂಡಿ ಹಾಕುವುದು ಅರ್ಧಕ್ಕೆ ಬಿಟ್ಟು ಬಂದಿದ್ದಳಂತೆ, ಆ ಮನೆಗೆ ಹೊರಟುಹೋದಳು. ಅವಳನ್ನು ತಡೆದು ನಿಲ್ಲಿಸುವ ಬಾಯಿ ನಮ್ಮ ಮೂರು ಓಣಿಯ ಹೆಂಗಸರಿಗೆ ಎಲ್ಲಿತ್ತು? ನಮ್ಮ ಪಾಳಿ ಮುಗಿದುಹೋಗಿತ್ತಲ್ಲ.

ಇವತ್ತು ಶುಕ್ರವಾರ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಒಳಗೆ ಬಂದವಳು ರಾಟೆಯ ಮುಂದೆ ಕೂತೆ. ಒಂದು ಕಂಡಿಕೆ ಸುತ್ತಿದೆ. ಯಜಮಾನರು ನೋಡಿದರು. "ಎಲ್ಲಿಗೆ?" ಎಂದರು. "ಕಟ್ಟಿ ಕಡೆ" ಎಂದೆ. "ಎಲ್ಲಾ ಮುಗದೇತಲ್ಲ?" ನಾನು ಕಂಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಅವರು, "ಚಪ್ಪಲ್ ಹಾಕ್ಕೊಂಡ ಹೋಗು, ಅಲ್ಲಿ ಜಲ್ಲಿ ಹಾಕ್ಯಾರ" ಎಂದರು.

ಬರೀ ಗಡಿಗೆಯಲ್ಲಿ ಒಂದು ಕಂಡಿಕೆ ಹಾಕಿ ಬಂದರೆ ಏನು ಪ್ರಯೋಜನ? ಗೊತ್ತಿರಲಿಲ್ಲ. ಹುಚ್ಚಿ ಎಂದಾರು ಎಂದುಕೊಂಡೇ ಹೋದೆ.

ಗಡಿಗೆ ಬರಿದಾಗಿರಲಿಲ್ಲ.

ಕುಂಕುಮದ ಗಡಿಗೆ ಕಂಠದವರೆಗೆ ತುಂಬಿತ್ತು. ಅರಿಶಿನದ್ದರಲ್ಲೂ ಏಳೆಂಟು ಇದ್ದವು. ಹಸಿರು, ನೀಲಿ, ದಾಳಿಂಬೆ ಕೆಂಪು. ಬಣ್ಣ ನೋಡಿ ಮನೆ ಗುರುತಿಸಿದೆ. ಮೊದಲ ಓಣಿ, ನಮ್ಮದೇ ಎರಡನೆಯದು, ಮೂರನೆಯದು. ಯಾರೂ ಯಾರಿಗೂ ಹೇಳಿರಲಿಲ್ಲ. ನನ್ನ ಪಕ್ಕದ ಮನೆಯವಳು ನನಗೂ ಹೇಳಿರಲಿಲ್ಲ!

ಸಂಗಪ್ಪಜ್ಜ ಕಟ್ಟೆಯ ಅಂಚಿಗೆ ಕೂತಿದ್ದ.

"ಕಸಾ ಹೊಡಿಯೂ ಹೊತ್ತಿನಿಂದ ಬರಾಕತ್ತಾರ ನೋಡವಾ. ಹಾಕ್ತಾರ, ಹೋಗ್ತಾರ. ಒಬ್ಬಾಕೀನೂ ಮಾತಾಡವಲ್ಲಳು. ನಮ್ಮನಿ ಮುದುಕೀನೂ ಬಂದ ಹಾಕ್ಯಾಳ, ನನ್ನ ಮುಂದನ."

"ಶಾಂತಕ್ಕ ಬಂದಿದ್ಲೇನಜ್ಜಾ?"

"ಬಂದಿದ್ಲು. ಇವನ್ನ ಎಣಿಸ್ರಿ, ಇಲ್ಲಾಂದ್ರ ನಾಳೆ ನೀಲವ್ವನ ಬದಲಿ ನಾನ ಹೋಗಿ ವಾಪಸ್ ತಗೋತೇನಿ ಅಂತ ಹೇಳಿ ಹೋದ್ಲು." ಅಜ್ಜ ತಲೆ ಕೆರೆದುಕೊಂಡ. "ಎಣಿಸಿದ್ರ, ಮೂರು ದಿನ ನಾವು ಎಣಿಸಿದ್ದು ಏನು ಅಂತ ಮಂದಿ ಕೇಳ್ತಾರ. ನೀ ಬರ್ಯಾಕಿ, ನೀನ ಹೇಳು. ಎಣಿಸಬೇಕೇನು?"

ನಾನು ನನ್ನದನ್ನು ಹಾಕಿದೆ. ತುಂಬಿದ ಗಡಿಗೆ, ಮೇಲೆಯೇ ನಿಂತಿತು.

ನೀವೇ ಹೇಳಿ, ಹೆಂಗಸರವು ಎಂದ ಮಾತ್ರಕ್ಕೆ ಈ ಕಂಡಿಕೆಗಳನ್ನು ಎಣಿಸದೆ ಬಿಡಲಾದೀತೇ?