ಉಮಾವತಿ ಟೀಚರ್ ಬರೆದುಕೊಟ್ಟ ಭಾಷಣ

ಉಮಾವತಿ ಟೀಚರ ಕೈಗೆ ಸಿಕ್ಕವರು ತಮ್ಮ ಮೂಲ ಹೇಳದೆ ತಪ್ಪಿಸಿಕೊಂಡದ್ದನ್ನು ಡೊಂಬಿವಲಿಯಲ್ಲಿ ಯಾರೂ ಕಂಡಿಲ್ಲ. ಮೊದಲ ಪ್ರಶ್ನೆ, ಊರಲ್ಲಿ ಯಾವ ಕಡೆ? ಎರಡನೆಯದು, ಮನೆಯ ಹೆಸರೇನು? ಮೂರನೆಯದನ್ನು ಕೇಳುವಷ್ಟರಲ್ಲಿ ಟೀಚರೇ ಉತ್ತರ ಹೇಳಿಬಿಡುತ್ತಿದ್ದರು: "ಹಾಗಾದ್ರೆ ನೀನು ನಮ್ಮ ಸಂಜೀವಣ್ಣನ ತಂಗಿಯ ಮೊಮ್ಮಗ ಅಲ್ವನಾ!" ಎದುರಿಗಿದ್ದವನಿಗೆ ತನ್ನ ಅಜ್ಜಿಯ ಹೆಸರೇ ಗೊತ್ತಿರುತ್ತಿರಲಿಲ್ಲ. ಇವರಿಗೆ ಅಜ್ಜಿಯ ಹೆಸರೂ ಗೊತ್ತು, ಅಜ್ಜಿ ಯಾರ ಜೊತೆ ಮಾತು ಬಿಟ್ಟಿದ್ದಳು ಎಂಬುದೂ ಗೊತ್ತು.

ಹುಟ್ಟಿದ್ದು ಕಾಪುವಿನ ಹತ್ತಿರ. ಇಪ್ಪತ್ತೆರಡಕ್ಕೆ ಮದುವೆಯಾಗಿ ಡೊಂಬಿವಲಿಗೆ ಬಂದರು. ಗಂಡ ಮುಂಡಪ್ಪ ಠಾಣೆ ನಗರದ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಸುಸ್ತಾಗಿ, ಮನೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು. ಟೀಚರ್ ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಲಿಸಿದರು. ಕೊನೆಯ ವರ್ಷ ಅವರ ತರಗತಿಯಲ್ಲಿ ಇದ್ದದ್ದು ಎರಡೇ ಮಕ್ಕಳು. ಅವರೂ ಮರಾಠಿಯಲ್ಲೇ ಜಗಳವಾಡುತ್ತಿದ್ದರು. ಶಾಲೆಗೆ ಬೀಗ ಬಿದ್ದ ಮೇಲೆ ಟೀಚರ್ ಒಂದು ತಿಂಗಳು ಮನೆಯಲ್ಲಿ ಕೂತು ನೋಡಿದರು, ಆಗಲಿಲ್ಲ. ಕರಾವಳಿ ಬಂಧು ಬಳಗದ ವಿದ್ಯಾರ್ಥಿ ವಿಭಾಗ ಸೇರಿಕೊಂಡರು.

ಬಳಗವೆಂದರೆ ಝೆರಾಕ್ಸ್ ಅಂಗಡಿಯ ಪಕ್ಕದ ಒಂದು ಕೋಣೆ, ವಾರಕ್ಕೆ ಎರಡು ಸಂಜೆ. ಬಡ ಮಕ್ಕಳಿಗೆ ಫೀಸು, ಪುಸ್ತಕ, ಹತ್ತನೆಯವರಿಗೆ ಟ್ಯೂಷನ್, ತಾಯಂದಿರಿಗೆ ಹೊಲಿಗೆ ತರಬೇತಿ. ಒಳ್ಳೆಯ ಕೆಲಸವೇ, ಅಲ್ಲಿಂದ ಓದಿ ನರ್ಸ್ ಆದವರು, ಬ್ಯಾಂಕು ಸೇರಿದವರು ಎಷ್ಟೋ ಮಂದಿ. ಆದರೆ ಬಳಗಕ್ಕೆ ಒಂದು ಚಟವಿತ್ತು. ಕೊಡುವುದನ್ನು ವೇದಿಕೆಯ ಮೇಲೆಯೇ ಕೊಡಬೇಕು. ದಾನಿಗೆ ಶಾಲು, ಮಗುವಿಗೆ ಲಕೋಟೆ, ಇಬ್ಬರೂ ಕ್ಯಾಮೆರಾ ನೋಡುತ್ತ ಒಂದು ಫೋಟೊ, ಕೊನೆಗೆ ಮಗುವಿನಿಂದ ಕೃತಜ್ಞತೆಯ ಎರಡು ಮಾತು. ಆ ಎರಡು ಮಾತನ್ನು ಬರೆದುಕೊಡುತ್ತಿದ್ದವರು ಉಮಾವತಿ ಟೀಚರ್. ಸಭೆಯ ಮೊದಲ ಸಾಲಿನಲ್ಲಿ ಕರ್ಚೀಫು ಹೊರಬರದಿದ್ದರೆ ಅವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಶ್ರೀಮತಿ ಎಂಬ ಹೆಂಗಸು ಮಗಳು ಪೂಜಿತಾಳನ್ನು ಕರೆದುಕೊಂಡು ಆ ಕೋಣೆಗೆ ಬಂದಳು. ಔಷಧಿ ಪ್ಯಾಕಿಂಗ್ ಕಂಪೆನಿಯಲ್ಲಿ ಕೆಲಸ, ಪಕ್ಕದ ಠಾಕುರ್ಲಿಯಲ್ಲಿ ಬಾಡಿಗೆ ಕೋಣೆ. ಟೀಚರ ಪ್ರಶ್ನೆಗೆ ಉತ್ತರಿಸುವ ಬದಲು ಅವಳು ಮಗಳನ್ನು ಹೊರಗೆ ಕಳಿಸಿ, ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದಳು. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಚರ್ಮ ಮುರುಟಿತ್ತು. ಮಗಳಿಗೆ ಮೂರು ವರ್ಷವಿದ್ದಾಗ ಗಂಡನನ್ನು ಬಿಟ್ಟು ಓಡಿಬಂದವಳು. ಅವನು ಹುಡುಕಿ ಬಂದು, ಒಲೆಯ ಮೇಲಿದ್ದ ಎಣ್ಣೆಯನ್ನು ಸುರಿದಿದ್ದ. ಗಂಡ ಹೆಂಡತಿ ಜಗಳವೆಂದು ದೊಡ್ಡವರು ಸೇರಿ ರಾಜಿ ಮಾಡಿಸಿದರು. ಆ ವಾರವೇ ಅವಳು ಮತ್ತೆ ಓಡಿದ್ದಳು. ಆಮೇಲೆ ಮೂರು ಮನೆ ಬದಲಿಸಿದ್ದಳು, ತವರಿಗೆ ಒಂದು ಫೋನೂ ಮಾಡಿರಲಿಲ್ಲ.

"ಟೀಚರ್, ಇನ್ನೊಮ್ಮೆ ಸಿಕ್ಕಿದ್ರೆ ಕೊಲ್ತೇನೆ ಅಂದಿದ್ದಾನೆ. ಅವ್ನು ಹೇಳಿದ್ದು ಮಾಡುವ ಜನ. ಫೀಸು ಬೇಕು, ಸುಳ್ಳು ಹೇಳುದಿಲ್ಲ. ಆದ್ರೆ ಸ್ಟೇಜು ಬೇಡ, ಫೋಟೊ ಬೇಡ."

ಟೀಚರ್ ಅವಳ ಕೈ ಹಿಡಿದು ಮಾತು ಕೊಟ್ಟರು. ಎರಡು ವರ್ಷ ಆ ಲಕೋಟೆಯನ್ನು ತಾವೇ ಠಾಕುರ್ಲಿಗೆ ಒಯ್ದು ಕೊಟ್ಟರು. ಭಾನುವಾರಗಳಲ್ಲಿ ಪೂಜಿತಾಳಿಗೆ ಗಣಿತ ಹೇಳಿಕೊಟ್ಟರು, ಅವಳಿಗಾಗಿ ಕೊಟ್ಟೆ ಕಡುಬು ಮಾಡಿಕೊಂಡು ಹೋದರು. ಹುಡುಗಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಟೀಚರಿಗೆ ಅವಳ ಮೇಲೆ ಜೀವ.

ಈ ವರ್ಷ ಪೂಜಿತಾ ಹತ್ತನೆಯದರಲ್ಲಿ ಶೇಕಡಾ ತೊಂಬತ್ತನಾಲ್ಕು ಪಡೆದಳು. ಬಳಗದ ಅಧ್ಯಕ್ಷ ಮಧ್ವರಾಜರು, ಎರಡು ಹೋಟೆಲುಗಳ ಧಣಿ, ಅವಳನ್ನು ಡಿಗ್ರಿಯವರೆಗೂ ಓದಿಸುತ್ತೇನೆಂದು ಮುಂದೆ ಬಂದರು. ಆದರೆ ಹುಡುಗಿ ವೇದಿಕೆಗೆ ಬರಬೇಕು.

"ಉಮಕ್ಕ, ಇವಳನ್ನು ನೋಡಿ ಇನ್ನು ಹತ್ತು ದಾನಿಗಳು ಏಳ್ತಾರೆ. ಅಡಗಿಸಿಟ್ರೆ ಯಾರಿಗೆ ಲಾಭ ಮಾರಾಯ್ರೆ?"

ಟೀಚರಿಗೆ ಅದು ಸರಿ ಎನ್ನಿಸಿತು. ಸರಿ ಎನ್ನಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದೇಕೆ? ತಾನು ತಯಾರು ಮಾಡಿದ ಹುಡುಗಿಯನ್ನು ನಾಲ್ಕು ಜನ ನೋಡಲಿ ಎಂಬ ಆಸೆ. ಅವರು ಶ್ರೀಮತಿಯ ಬೆನ್ನು ಬಿದ್ದರು. ಹದಿಮೂರು ವರ್ಷ ಆಯ್ತಲ್ಲ, ಅವನು ಎಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ, ಮಗಳ ಭವಿಷ್ಯಕ್ಕೆ ನೀನೇ ಅಡ್ಡ ಬರಬೇಡ ಎಂದರು. ಕೊನೆಯ ಮಾತು ತಾಗಿತು. ಶ್ರೀಮತಿ ರವಿಕೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, "ನೀವು ಹೇಳ್ತೀರಿ ಅಂತ," ಎಂದಳು.

ಜುಲೈಯ ಒಂದು ಭಾನುವಾರ ನೌಪಾಡಾದ ಸಭಾಂಗಣದಲ್ಲಿ ಕಾರ್ಯಕ್ರಮ. ಇಲ್ಲಿಯ ಪದ್ಧತಿಯಂತೆ ನಿರೂಪಕ ಅಂಕಪಟ್ಟಿ ನೋಡಿ ತಂದೆಯ ಹೆಸರನ್ನೂ ಸೇರಿಸಿ ಕರೆದ: ಪೂಜಿತಾ ರಂಜನ್. ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಶ್ರೀಮತಿ ಎದ್ದು ನಿಂತಳು, ಮತ್ತೆ ಕೂತಳು. ಪೂಜಿತಾಳಿಗೆ ಕನ್ನಡ ಓದಲು ಬರದು; ದೇವನಾಗರಿಯಲ್ಲಿ ಬರೆದುಕೊಂಡಿದ್ದ ಟೀಚರ ಭಾಷಣವನ್ನು ಗಟ್ಟಿಯಾಗಿ ಓದಿದಳು: "ನನಗೆ ಅಪ್ಪನ ಮುಖ ನೆನಪಿಲ್ಲ. ನಾಳೆ ದಾರಿಯಲ್ಲಿ ಎದುರು ಬಂದರೂ ಗುರುತು ಹಿಡಿಯಲಾರೆ. ಠಾಕುರ್ಲಿಯ ನಮ್ಮ ಸಣ್ಣ ಕೋಣೆಗೆ ಈ ಬಳಗವೇ ಅಪ್ಪನಾಗಿ ಬಂತು."

ಮೊದಲ ಸಾಲಿನಲ್ಲಿ ಕರ್ಚೀಫುಗಳು ಹೊರಬಂದವು. ಸಂಜೆಯೊಳಗೆ ಆ ವಿಡಿಯೊ ಮೂವತ್ತು ವಾಟ್ಸಾಪ್ ಗುಂಪುಗಳಲ್ಲಿ ಓಡುತ್ತಿತ್ತು. ಟೀಚರ್ ತಾವೇ ನಾಲ್ಕು ಗುಂಪುಗಳಿಗೆ ಕಳಿಸಿದ್ದರು.

ಒಂಬತ್ತು ದಿನದ ನಂತರ, ಮಂಗಳವಾರ, ನಾಲ್ಕು ಗಂಟೆಗೆ ಬಳಗದ ಕೋಣೆಗೆ ಒಬ್ಬ ಬಂದ. ಐವತ್ತರ ಆಸುಪಾಸು, ಇಸ್ತ್ರಿಯ ಬಿಳಿ ಅಂಗಿ, ಮೃದು ಮಾತು. ಹೆಸರು ಮನೀಶ, ಊರು ಶಿರ್ವದ ಕಡೆ ಎಂದ. ವಿಡಿಯೊ ನೋಡಿ ಕಣ್ಣು ತುಂಬಿ ಬಂತಂತೆ. ತಾನೂ ಒಂದು ಮಗುವಿಗೆ ಸಹಾಯ ಮಾಡಬೇಕಂತೆ.

"ಭಾಷಣ ಯಾರು ಬರ್ದದ್ದು ಟೀಚರ್? ಎಷ್ಟು ಚಂದ ಉಂಟು!"

ಅಷ್ಟು ಸಾಕಾಯಿತು. ಟೀಚರ್ ಮಾತಿಗೆ ಕೂತರು. ಹುಡುಗಿ ಎಷ್ಟು ಚುರುಕು, ತಾಯಿ ಎಷ್ಟು ಕಷ್ಟಜೀವಿ, ಠಾಕುರ್ಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಹಿಟ್ಟಿನ ಗಿರಣಿ ದಾಟಿದರೆ ಎರಡನೆಯ ಬಿಲ್ಡಿಂಗು, ತಾಯಿ ಸಂಜೆ ಆರೂವರೆಗೆ ಮನೆಗೆ ಬರುತ್ತಾಳೆ, ಅಲ್ಲಿವರೆಗೆ ಹುಡುಗಿ ಒಬ್ಬಳೇ ಕೂತು ಓದುತ್ತಾಳೆ. ಅವನು ತಲೆ ಆಡಿಸುತ್ತ ಕೇಳುತ್ತಿದ್ದ.

"ಪಾಪ, ಆ ಕೈ ಇಟ್ಕೊಂಡು ಪ್ಯಾಕಿಂಗ್ ಕೆಲ್ಸ ಮಾಡುದು ಕಷ್ಟ ಅಲ್ವಾ?" ಎಂದು ಎದ್ದ.

"ಎಂತ ಮಾಡುದು ಹೇಳಿ," ಎಂದರು ಟೀಚರ್. ಅವನು ಕೈ ಮುಗಿದು ಹೋದ.

ಅರ್ಧ ಗಂಟೆ ಅವರು ಹೊಸ ಅರ್ಜಿಗಳನ್ನು ಓದುತ್ತ ಕೂತಿದ್ದರು. ಒಂದು ಅರ್ಜಿಯ ಮಧ್ಯೆ ಪೆನ್ನು ನಿಂತಿತು. ಕೈಯ ವಿಷಯ ಅವನಿಗೆ ಯಾರು ಹೇಳಿದ್ದು? ವಿಡಿಯೊದಲ್ಲಿ ಶ್ರೀಮತಿ ಇರಲೇ ಇಲ್ಲ. ಇದ್ದರೂ ಅವಳ ತೋಳು ಮಣಿಕಟ್ಟಿನವರೆಗೆ ಮುಚ್ಚಿರುತ್ತಿತ್ತು. ಅವನ ಮನೆಯ ಹೆಸರೇನು? ಕೇಳಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವರು ಕೇಳುವುದನ್ನು ಬಿಟ್ಟು ಬರೀ ಹೇಳಿದ್ದರು.

ಶ್ರೀಮತಿಗೆ ಫೋನ್ ಮಾಡಿದರು. ಸ್ವಿಚ್ಡ್ ಆಫ್. ಕಂಪೆನಿಯಲ್ಲಿ ಫೋನುಗಳನ್ನು ಗೇಟಿನಲ್ಲೇ ಕಸಿದಿಡುತ್ತಾರೆ. ಹುಡುಗಿಯ ಬಳಿ ಫೋನಿಲ್ಲ. ಟೀಚರ್ ಚಪ್ಪಲಿ ಮೆಟ್ಟಿ ಓಡಿ ರಿಕ್ಷಾ ಹತ್ತಿದರು. ರಸ್ತೆ ಅಗೆದಿದ್ದರು, ರಿಕ್ಷಾ ಒಂದೊಂದು ಮಾರು ಸರಿಯಲೂ ಹಾರ್ನ್ ಹೊಡೆಯುತ್ತಿತ್ತು. "ಭಯ್ಯಾ, ಜಲ್ದಿ, ಜಲ್ದಿ," ಎನ್ನುತ್ತಲೇ ಇದ್ದರು. ದೇವರೇ, ನನ್ನ ನಾಲಿಗೆ ಕಡಿದು ಬೀಳಬಾರದಿತ್ತೇ ಎಂದುಕೊಂಡರು.

ಎರಡನೆಯ ಮಹಡಿಯ ಬಾಗಿಲು ತೆರೆದೇ ಇತ್ತು. ಅವನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಎದುರಿಗೆ ನೆಲದ ಮೇಲೆ ಕೂತು ಪೂಜಿತಾ ತನ್ನ ಅಂಕಪಟ್ಟಿ ತೋರಿಸುತ್ತಿದ್ದಳು.

"ಟೀಚರ್! ಅಂಕಲ್ ಬೋಲೇ ಆಪ್ನೇ ಭೇಜಾ ಹೈ," ಎಂದಳು ಹುಡುಗಿ ನಗುತ್ತ. ಟೀಚರ್ ಕಳಿಸಿದ್ದು ಎಂದನಂತೆ. ಹುಡುಗಿ ಅಷ್ಟಕ್ಕೇ ಚಿಲಕ ತೆಗೆದಿದ್ದಳು.

"ಬನ್ನಿ ಟೀಚರ್, ಕೂತ್ಕೊಳ್ಳಿ," ಎಂದ ಅವನು. "ಇನ್ನು ಒಂದು ಗಂಟೆ ಉಂಟಲ್ಲ ಅವ್ಳು ಬರ್ಲಿಕ್ಕೆ. ನೀವೇ ಹೇಳಿದ್ದು."

ಟೀಚರ್ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದರು. "ಕೆಳಗಿನ ಚಂದ್ರಬಾಯಿಯ ಮನೆಗೆ ಹೋಗು. ಒಳಗಿಂದ ಚಿಲಕ ಹಾಕ್ಕೊ. ಅಮ್ಮ ಬಂದ್ರೆ ಮೇಲೆ ಬಿಡ್ಬೇಡ. ಹೋಗು!" ಪೂಜಿತಾ ಇಬ್ಬರ ಮುಖವನ್ನೂ ನೋಡಿದಳು. ಆ ದನಿಯಲ್ಲಿ ಟೀಚರ್ ಎಂದೂ ಮಾತಾಡಿರಲಿಲ್ಲ. ಅವಳು ಬರಿಗಾಲಿನಲ್ಲೇ ಮೆಟ್ಟಿಲಿಳಿದು ಹೋದಳು.

ಅವನು ತಡೆಯಲಿಲ್ಲ. ನಿಧಾನವಾಗಿ ಚಹಾ ಮುಗಿಸಿ, ಲೋಟವನ್ನು ತಾನೇ ತೊಳೆದಿಟ್ಟ. "ಮಗಳು ನನ್ನ ಹಾಗೇ ಇದ್ದಾಳೆ," ಎಂದ. ಮೆಟ್ಟಿಲಿನಲ್ಲಿ ಚಂದ್ರಬಾಯಿ ನಾಲ್ಕು ಜನರನ್ನು ಸೇರಿಸುವ ಸದ್ದು ಕೇಳಿ ಹೊರಟ. ಬಾಗಿಲಲ್ಲಿ ನಿಂತು, "ಅವಸರ ಇಲ್ಲ ಟೀಚರ್. ಈಗ ಎಲ್ಲ ಗೊತ್ತಾಯ್ತಲ್ಲ," ಎಂದ.

ಆರೂವರೆಗೆ ಬಂದ ಶ್ರೀಮತಿ ಅತ್ತಿದ್ದರೆ, ಬೈದಿದ್ದರೆ, ರಟ್ಟೆ ಹಿಡಿದು ಅಲ್ಲಾಡಿಸಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಒಂದೇ: "ಬಾಗಿಲು ಮಗಳೇ ತೆಗೆದ್ಲಾ?" ಹೌದು ಎಂದಾಗ ಮಂಚದಡಿಯ ಚೀಲಗಳನ್ನು ಎಳೆದಳು. ಟೀಚರ್ ತಮ್ಮ ಮನೆಗೆ ಬನ್ನಿ ಎಂದರು, ಊರಲ್ಲಿ ತಮ್ಮನ ಮನೆಯಿದೆ ಎಂದರು, ಪೊಲೀಸರ ಹತ್ತಿರ ಹೋಗೋಣ ಎಂದರು. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಕತ್ತಲಾಗುವ ಮೊದಲೇ ಚೀಲಗಳು ರಿಕ್ಷಾದಲ್ಲಿದ್ದವು.

"ಎಲ್ಲಿಗೆ ಹೋಗ್ತೀ ಶ್ರೀಮತಿ? ಅಷ್ಟಾದ್ರೂ ಹೇಳು."

"ನಿಮಗೆ ಹೇಳುದಿಲ್ಲ ಟೀಚರ್," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಪೂಜಿತಾಳ ಕಾಲೇಜಿನ ಸೀಟು ಖಾಲಿ ಬಿತ್ತು. ಟೀಚರ್ ಮಧ್ವರಾಜರಿಗೆ ಎಲ್ಲ ಹೇಳಿ, ಅಂಥವನನ್ನು ಬಳಗದೊಳಗೆ ಬಿಡಬೇಡಿ ಎಂದು ಗೋಗರೆದರು. ಅಷ್ಟರಲ್ಲಿ ಮನೀಶನೆಂದು ಹೇಳಿಕೊಂಡು ಬಂದಿದ್ದ ರಂಜನ್ ಮಧ್ವರಾಜರ ಹೋಟೆಲಿಗೇ ಹೋಗಿ, ಹೆಂಡತಿ ಮಗಳನ್ನು ತನ್ನಿಂದ ಅಗಲಿಸಿದಳೆಂದು ಅತ್ತು, ಬಳಗದ ಪೋಷಕ ಸದಸ್ಯನಾಗಿಬಿಟ್ಟಿದ್ದ. "ಗಂಡ ಹೆಂಡತಿ ವಿಷಯ ನಮ್ಗೆ ಯಾಕೆ ಉಮಕ್ಕ? ಪಾಪ, ಅವನೂ ತಂದೆಯಲ್ವಾ?" ಎಂದರು ಮಧ್ವರಾಜರು. ಪೊಲೀಸ್ ಠಾಣೆಯಲ್ಲಿ, ಚಹಾ ಕುಡಿದದ್ದು ಯಾವ ಅಪರಾಧ ಮೇಡಂ ಎಂದು ಕೇಳಿದರು. ಕೆಲಸ ಬಿಟ್ಟುಬಿಡು ಎಂದರು ಮುಂಡಪ್ಪ. ಬಿಟ್ಟರೆ ಆ ಕುರ್ಚಿಯಲ್ಲಿ ಕೂರುವವರು ಅವನಿಗೆ ಏನೇನು ಹೇಳಿಬಿಡುತ್ತಾರೋ ಎಂದು ಟೀಚರ್ ಬಿಡಲಿಲ್ಲ.

ಈಗ ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ರಂಜನ್ ಬರುತ್ತಾನೆ. ಟೀಚರ ಎದುರು ಕೂತು ಪೇಪರ್ ಓದುತ್ತಾನೆ. "ಏನಾದ್ರೂ ಪತ್ತೆ ಆಯ್ತಾ ಟೀಚರ್?" ಎಂದು ಮೆತ್ತಗೆ ಕೇಳುತ್ತಾನೆ. ಅವರು ಇಲ್ಲ ಎನ್ನುತ್ತಾರೆ. ಅದು ನಿಜವಾಗಿರುವುದೊಂದೇ ಅವರ ಸಮಾಧಾನ. ಆದರೂ ದಿನಕ್ಕೆ ಹತ್ತು ಸಲ ಫೋನ್ ನೋಡಿಕೊಳ್ಳುತ್ತಾರೆ. ಹುಡುಗಿ ಓದುತ್ತಿದ್ದಾಳಾ? ಉಣ್ಣುತ್ತಿದ್ದಾಳಾ? ಬದುಕಿದ್ದಾರಾ?

ನವೆಂಬರಿನ ಒಂದು ಮಂಗಳವಾರ, ಅವನು ಎದುರಿಗೆ ಕೂತಿರುವಾಗಲೇ ಫೋನ್ ಬಂತು. ಗೊತ್ತಿಲ್ಲದ ನಂಬರು.

"ಟೀಚರ್," ಎಂದಿತು ಆ ಕಡೆಯಿಂದ, ನಾಲ್ಕು ತಿಂಗಳಿಂದ ಕಾಯುತ್ತಿದ್ದ ದನಿ. ಈ ಸಲ ಕನ್ನಡದಲ್ಲೇ. "ನಾನು. ನನ್ಗೆ ಅಡ್ಮಿಶನ್ ಸಿಕ್ತು ಟೀಚರ್, ಇಲ್ಲಿ..."

ರಂಜನ್ ಪೇಪರನ್ನು ಕೆಳಗಿಳಿಸಿದ್ದ.

"ನಹೀಂ ಚಾಹಿಯೇ," ಎಂದರು ಟೀಚರ್ ಗಟ್ಟಿಯಾಗಿ, ಸಾಲದ ಕಂಪೆನಿಯವರಿಗೆ ಹೇಳುವಂತೆ. "ಲೋನ್ ವೋನ್ ಕುಛ್ ನಹೀಂ ಚಾಹಿಯೇ. ದುಬಾರಾ ಇಸ್ ನಂಬರ್ ಪೇ ಫೋನ್ ಮತ್ ಕರ್‌ನಾ."

ಮತ್ತೆ ಈ ನಂಬರಿಗೆ ಫೋನ್ ಮಾಡಬೇಡ ಎಂದದ್ದಕ್ಕೆ ಆ ಕಡೆ ಹುಡುಗಿ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

"ಯಾರು ಟೀಚರ್?" ಎಂದು ಅವನು ಕೈ ಚಾಚಿದ.

ಅವನ ಕೈ ಮೇಜು ದಾಟುವ ಮೊದಲೇ ಟೀಚರ್ ಆ ನಂಬರನ್ನು ಅಳಿಸಿಹಾಕಿದರು.