ಹುಲಿಯಮ್ಮ ಮತ್ತು ಹದಿನೇಳನೇ ಬೋರು

ಹುಲಿಯಮ್ಮನ ಗಂಡ ದೊಡ್ಡಬೀರಪ್ಪ ಸತ್ತದ್ದು ವಾಲ್ ತಿರುಗಿಸುವ ಕಬ್ಬಿಣದ ಚಾವಿಯ ಏಟಿಗೆ. ಸೊಂಟದೆತ್ತರದ, ತುದಿಗೆ ಅಡ್ಡಹಿಡಿಯಿದ್ದ ಆ ಚಾವಿಯನ್ನು ಹನ್ನೆರಡು ವರ್ಷ ಅವನೇ ಹೆಗಲ ಮೇಲೆ ಹೊತ್ತು ತಿರುಗಿದ್ದ. ಚೌಳಹಿರಿಯೂರು ಹೋಬಳಿಯ ಕೆಂಚನಹಟ್ಟಿಯಲ್ಲಿ ಅವನು ಪಂಚಾಯಿತಿಯ ನೀರುಗಂಟಿ. ಮೇಲ್ಕೇರಿಗೆ ಒಂದು ದಿನ, ಕೆಳಗೇರಿಗೆ ಒಂದು ದಿನ ನೀರು ಬಿಡುವುದು ಅವನ ಕೆಲಸ.

ಆ ವರ್ಷದ ಏಪ್ರಿಲ್‌ನಲ್ಲಿ ಊರಿನ ಬೋರು ಅರ್ಧಕ್ಕರ್ಧ ಸೋತಿತ್ತು. ಒಂದು ಬೆಳಿಗ್ಗೆ ಮೇಲ್ಕೇರಿಯ ಹಾಲೇಶ್ ನಾಲ್ಕು ಜನರನ್ನು ಕಟ್ಟಿಕೊಂಡು ಪಂಪ್‌ಹೌಸಿಗೆ ಬಂದ.

"ವಾಲ್ ತಿರುಗ್ಸಲೇ ನಮ್ ಕಡೀಕೆ."

"ಇವತ್ತು ಕೆಳಗೇರಿ ಸರದಿ ಕಣೋ. ನಾಳೆ ಬಾ," ಅಂದ ಬೀರಪ್ಪ.

ಹಾಲೇಶ್ ಚಾವಿ ಕಿತ್ತುಕೊಂಡ. ಕೆಳಗೇರಿಯವರು ಓಡಿಬಂದರು. ಕೈಯಲ್ಲಿ ಬಿಂದಿಗೆ ಇದ್ದವರು ಬಿಂದಿಗೆಯಲ್ಲೇ ಬಡಿದಾಡಿದರು. ಗಂಡನಿಗೆ ರೊಟ್ಟಿ ತಂದಿದ್ದ ಹುಲಿಯಮ್ಮ ಹತ್ತು ಹೆಜ್ಜೆ ಆಚೆಗಿದ್ದಳು. ಚಾವಿ ಮೇಲಕ್ಕೆ ಹೋದದ್ದನ್ನೂ ಇಳಿದದ್ದನ್ನೂ ಅವಳು ಕಣ್ಣಾರೆ ಕಂಡಳು. ಬೀರಪ್ಪ ವಾಲ್ ಗುಂಡಿಯೊಳಕ್ಕೆ ಮಕಾಡೆ ಬಿದ್ದ. ಗುಂಡಿಯ ನೀರು ಕೆಂಪಾಯಿತು. ಹುಲಿಯಮ್ಮ ಕೈಗೆ ಸಿಕ್ಕ ಕಲ್ಲೆತ್ತಿ ಹಾಲೇಶನ ಮುಖಕ್ಕೆ ಬೀಸಿದಳು. ಅವನ ದವಡೆ ಮುರಿದು, ಎರಡು ಹಲ್ಲು ಅವಳ ಕಾಲ ಬಳಿಯೇ ಉದುರಿದವು.

ಬೀರಪ್ಪ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಉಸಿರಾಡಿದ. ಒಂದು ಮಾತೂ ಆಡಲಿಲ್ಲ. ಕೇಸು ನಡೆದಾಗ ಎರಡೂ ಕೇರಿಯ ಸಾಕ್ಷಿಗಳು ಬೀರಪ್ಪ ಪಾಚಿಯ ಮೇಲೆ ಜಾರಿಬಿದ್ದ ಎಂದರು. ಎಲ್ಲರೂ ಹೊಡೆದಾಡಿದವರೇ ಆಗಿದ್ದರಿಂದ ನಿಜ ಹೇಳುವುದು ಯಾರಿಗೂ ಬೇಕಿರಲಿಲ್ಲ. ಹುಲಿಯಮ್ಮನ ಒಂಟಿ ಮಾತು ನಿಲ್ಲಲಿಲ್ಲ; ಹಾಲೇಶ್ ಬಿಡುಗಡೆಯಾಗಿ ಊರಿಗೆ ಬಂದ. ಪಂಚಾಯಿತಿಯವರು ಹೊಸ ಚಾವಿ ಮಾಡಿಸಿ, ಗಂಡನ ಕೆಲಸವನ್ನು ಅವಳಿಗೇ ಕೊಟ್ಟರು.

ಮುಂದೆ ಯಾರೂ ತನ್ನ ಮೇಲೆ ಸುಳ್ಳು ಹೇಳಬಾರದೆಂದು ಅವಳು ಒಂದು ಅಭ್ಯಾಸ ಮಾಡಿಕೊಂಡಳು. ಟ್ಯಾಂಕು ತುಂಬಲು ಎಷ್ಟು ನಿಮಿಷ ಹಿಡಿಯಿತು, ಯಾವ ಕೇರಿಗೆ ಎಷ್ಟು ಹೊತ್ತು ಬಿಟ್ಟೆ ಎಂಬುದನ್ನು ದಿನವೂ ಪಂಪ್‌ಹೌಸಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಳು. ಓದಿದ್ದು ಐದನೇ ತರಗತಿ. ಆರು ವರ್ಷಕ್ಕೆ ಒಳಗಿನ ನಾಲ್ಕೂ ಗೋಡೆ ಕಪ್ಪಾದವು.

ಆ ಗೋಡೆಗಳ ಮುಂದೆ ಬಂದು ನಿಂತವಳು ಸ್ಫೂರ್ತಿ. ಅಜ್ಜಂಪುರದ ಈರುಳ್ಳಿ ಮಂಡಿಯವರ ಮಗಳು; ಅಂತರ್ಜಲದ ವಿಷಯದಲ್ಲಿ ಎಂಎಸ್ಸಿ ಮಾಡಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಸೇರಿದ್ದಳು. ತರೀಕೆರೆಯ ಕಾಡಂಚಿನಲ್ಲಿ ಸುರಿಯುವ ಮಳೆ ಅಜ್ಜಂಪುರಕ್ಕೆ ಬರುವಷ್ಟರಲ್ಲಿ ಅರ್ಧವಾಗಿ, ಪಂಚನಹಳ್ಳಿ ಕಡೆಗೆ ಇನ್ನೂ ಕಮ್ಮಿಯಾಗುತ್ತದಲ್ಲ, ಹವಾಮಾನ ಕೆಟ್ಟಂತೆ ಈ ಲೆಕ್ಕ ಹೇಗೆ ಬದಲಾಗುತ್ತಿದೆ ಎಂದು ತಿಳಿಯುವುದು ಆ ಸಂಸ್ಥೆಯ ಕೆಲಸ. ಅದಕ್ಕೆಂದೇ ಬೋರುಗಳನ್ನು ನೋಡುತ್ತಾ ಕೆಂಚನಹಟ್ಟಿಗೆ ಬಂದಿದ್ದಳು. ಸ್ಫೂರ್ತಿ ಗೋಡೆಯ ಮೇಲೆ ಬೆರಳಾಡಿಸುತ್ತಾ ಒಂದೊಂದೇ ಸಾಲು ಓದಿದಳು.

"ಇದನ್ನ ಯಾರು ಬರೆಯೋಕೆ ಹೇಳಿದ್ರು ಅಕ್ಕಾ?"

"ಯಾರೂ ಹೇಳ್ಲಿಲ್ಲ. ಬರೀಬೇಕು ಅನ್ನಿಸ್ತು, ಬರುದೆ."

"ಇದನ್ನೇ ನಾವು ಓದ್ಕೊಂಡು ಬಂದು ಮಾಡೋದು. ನಮ್ಮ ಜೊತೆ ಕೆಲಸಕ್ಕೆ ಬರ್ತೀರಾ?"

ಹೀಗೆ ಹುಲಿಯಮ್ಮ ಕ್ಷೇತ್ರ ಸಹಾಯಕಿಯಾದಳು. ಬೆಳಿಗ್ಗೆ ವಾಲ್ ತಿರುಗಿಸಿ, ಆಮೇಲೆ ಟೇಪು ಹಿಡಿದು ಹೊರಡುತ್ತಿದ್ದಳು. ಬೋರಿನ ಮುಚ್ಚಳ ತೆಗೆದು ಟೇಪು ಇಳಿಬಿಟ್ಟರೆ, ತುದಿ ನೀರು ಮುಟ್ಟಿದೊಡನೆ ಅದು ಕುಯ್ ಎನ್ನುತ್ತದೆ. ಆಗ ಕಂಡ ಮೀಟರನ್ನು ಬರೆದುಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ, ನಲವತ್ತೆರಡು ಬೋರು. ಪಟ್ಟಿಯಲ್ಲಿ ಹದಿನೇಳನೆಯದು ಹಾಲೇಶನ ಹಿತ್ತಲಿನದು. ಮೋಟಾರು ಎತ್ತಿಟ್ಟು, ನೀರೆತ್ತುವುದನ್ನೇ ನಿಲ್ಲಿಸಿದ್ದ ಬೋರಾದ್ದರಿಂದ ಅಳತೆಗೆ ಅದರಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಸ್ಫೂರ್ತಿಗೆ ಹಿಂದಿನ ಕತೆ ಗೊತ್ತಿರಲಿಲ್ಲ, ಹುಲಿಯಮ್ಮ ಹೇಳಲೂ ಇಲ್ಲ.

ಮೊದಲ ಸಲ ಹೋದಾಗ ಸೊಟ್ಟ ದವಡೆಯ ಹಾಲೇಶ್ ಬಾಗಿಲಲ್ಲಿ ನಿಂತಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದ. ಹಾಗೇ ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ತುಕ್ಕು ಹಿಡಿದ ಮುಚ್ಚಳ ಬರಲಿಲ್ಲ. ಹಾಲೇಶ್ ತಾನೇ ಬಂದು, ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿ ಅದನ್ನು ಮೀಟತೊಡಗಿದ. ಅವನ ಕತ್ತು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಹುಲಿಯಮ್ಮನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಎಲ್ಲಿ ಹೊಡೆದರೆ ಒಂದೇ ಏಟಿಗೆ ಮುಗಿಯುತ್ತದೆಂದು ಅವಳ ಕಣ್ಣು ಜಾಗ ಹುಡುಕಿತು, ಸಿಕ್ಕಿತು ಕೂಡ. ಅಷ್ಟರಲ್ಲಿ ಮುಚ್ಚಳ ಬಿಟ್ಟುಕೊಂಡಿತು, ಅವನು ಎದ್ದು ಹೋದ. ಆ ದಿನದ ಅಳತೆಯನ್ನು ಅವಳು ತಪ್ಪು ಬರೆದಳು.

ಮಾರನೇ ವರ್ಷ ಮತ್ತೆ ಏಪ್ರಿಲ್ ಬಂತು. ಊರ ಬೋರು ಪೂರ್ತಿ ನಿಂತಿತು. ಈ ಅಳತೆಯವರು ಬೋರಿಗೆಲ್ಲ ಮೀಟರ್ ಹಾಕಿ ಸೀಲ್ ಮಾಡಿಸುತ್ತಾರೆಂದು ಯಾರೋ ಹಬ್ಬಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಸ್ಫೂರ್ತಿಯ ಜೀಪು ಹಾಲಿನ ಡೈರಿ ಮುಂದೆ ಬಂದಾಗ ಎರಡೂ ಕೇರಿಯವರು ಅಡ್ಡಗಟ್ಟಿದರು. ಏಳು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದವರು ಅವತ್ತು ಒಂದಾಗಿದ್ದರು. ಗಾಜು ಪುಡಿಯಾಯಿತು. ಡ್ರೈವರ್ ಇಳಿದು ಓಡಿದ. ಸ್ಫೂರ್ತಿಯನ್ನು ಜಡೆ ಹಿಡಿದು ಎಳೆದರು. ಕಲ್ಲೊಂದು ಅವಳ ಹುಬ್ಬು ಸೀಳಿತು. "ತದುಕ್ರೋ ಅವಳ್ನ!" ಎಂದು ಹೆಂಗಸರೇ ಕೂಗುತ್ತಿದ್ದರು.

ಪಂಪ್‌ಹೌಸಿನಲ್ಲಿದ್ದ ಹುಲಿಯಮ್ಮ ಚಾವಿ ಹಿಡಿದೇ ಓಡಿಬಂದಳು. ಅಡ್ಡ ಬಂದ ಒಬ್ಬನ ಮೊಣಕಾಲಿಗೆ ಬಿಟ್ಟಳು, ಇನ್ನೊಬ್ಬನ ಹೊಟ್ಟೆಗೆ ತಿವಿದಳು. ಗುಂಪು ಸೀಳಿದಾಗ ಎದುರಿಗೆ ಕಂಡವನು ಹಾಲೇಶ್. ರಕ್ತದಲ್ಲಿ ತೊಯ್ದ ಸ್ಫೂರ್ತಿಯ ಸೊಂಟ ಬಳಸಿ ದರದರ ಎಳೆಯುತ್ತಿದ್ದ. ಹುಲಿಯಮ್ಮ ಎರಡೂ ಕೈಯಲ್ಲಿ ಚಾವಿ ಎತ್ತಿ ತಲೆಗೇ ಬೀಸಿದಳು. ಅವನು ಬಲಗೈ ಅಡ್ಡ ಕೊಟ್ಟ. ಮೂಳೆ ಚರ್ಮ ಹರಿದು ಹೊರಗೆ ಬಂತು.

"ಹೊಡೀಬೇಡಿ ಅಕ್ಕಾ! ಅವ್ರು ನನ್ನ ಬಿಡಿಸ್ತಿದ್ರು!" ಸ್ಫೂರ್ತಿ ಕಿರುಚಿದಳು.

ಮೂಳೆ ಕಂಡ ಜನ ಚದುರಿದರು. ಡ್ರೈವರ್ ವಾಪಸು ಬಂದ. ಒಡೆದ ಗಾಜಿನ ಜೀಪಿನಲ್ಲಿ ಮೂವರೂ ಕಡೂರಿನ ಆಸ್ಪತ್ರೆಗೆ ಹೊರಟರು. ಹಾಲೇಶನ ಕೈಗೆ ಸುತ್ತಿದ್ದ ಟವೆಲ್ ತೊಟ್ಟಿಕ್ಕುತ್ತಿತ್ತು.

"ನಿನ್ನ ಯಾರ್ ಕರುದ್ರು ಅಲ್ಲಿಗೆ?" ಹುಲಿಯಮ್ಮ ಕೇಳಿದಳು.

"ಸಾಯಿಸ್ಬಿಡ್ತಿದ್ರು ಕಣಕ್ಕ. ಇನ್ನೊಂದ್ಸಲ ನೋಡಕ್ಕೆ ನನ್ ಕೈಲಿ ಆಗ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ ಹಾಲೇಶ್ ಹಲ್ಲು ಕಚ್ಚಿಕೊಂಡೇ ಹೇಳಿದ: "ಬೀರಣ್ಣ ಜಾರಿ ಬೀಳ್ಲಿಲ್ಲ. ಬೇಕಂತ್ಲೇ ಹೊಡ್ದೆ."

ಈ ಒಂದು ಮಾತಿಗಾಗಿ ಇಷ್ಟು ವರ್ಷ ಕಾದಿದ್ದಳು. ಕೇಳಿದರೆ ಎದೆ ಹಗುರಾಗುತ್ತದೆಂದು ನಂಬಿದ್ದಳು. ಆಗಲಿಲ್ಲ, ಸಿಟ್ಟು ಇನ್ನಷ್ಟು ಉರಿಯಿತು. "ಇದನ್ನ ಕೋರ್ಟಲ್ಲಿ ಹೇಳ್ಬೇಕಿತ್ತು ಕಣೋ," ಎಂದು ಮುಖ ತಿರುಗಿಸಿದಳು. ಜೀಪು ಹಳ್ಳ ಹಾರಿದಾಗ ಅವನು ನೋವಿಗೆ ಕಿರುಚಿದ. ಹುಲಿಯಮ್ಮ ಅವನ ಮುರಿದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅಲುಗದಂತೆ ಹಿಡಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯದು.

ಆಸ್ಪತ್ರೆಗೆ ಬಂದ ಸಬ್‌ಇನ್ಸ್‌ಪೆಕ್ಟರ್ ಒಳ್ಳೆಯವನಾಗಿದ್ದ. "ಗುಂಪಿನಲ್ಲಿ ಯಾರೋ ಹೊಡೆದರು ಅಂತ ಬರ್ಕೊಳ್ಲೇನಮ್ಮಾ?"

"ಬ್ಯಾಡ ಸಾರ್. ನಾನೇ ಹೊಡ್ದೆ. ತಲೆಗೇ ಹೊಡ್ದೆ, ಕೈಗೆ ಬಿತ್ತು. ಹಂಗೇ ಬರ್ಕಳಿ."

ಪಂಚಾಯಿತಿ ಅವಳನ್ನು ನೀರುಗಂಟಿ ಕೆಲಸದಿಂದ ತೆಗೆಯಿತು. ಸಂಸ್ಥೆಯೂ ವಿಚಾರಣೆ ಎಂದು ಎರಡು ತಿಂಗಳು ಹೊರಗಿಟ್ಟಿತು. ಆರು ಹೊಲಿಗೆಯ ಹಣೆ ಹೊತ್ತು ಸ್ಫೂರ್ತಿ ಬೆಂಗಳೂರಿಗೆ ಹೋಗಿ, ಇದ್ದಿಲು ಗೋಡೆಯ ಫೋಟೋಗಳನ್ನು ಮೇಜಿನ ಮೇಲೆ ಹರಡಿ ಜಗಳವಾಡಿದಳು. ಕೊನೆಗೆ ಅವರು ಹುಲಿಯಮ್ಮನನ್ನು ಮತ್ತೆ ತೆಗೆದುಕೊಂಡು, ಹೊಸಬರಿಗೆ ಅಳತೆ ಕಲಿಸುವ ಕೆಲಸವನ್ನೂ ಕೊಟ್ಟರು. ಕಡೂರಿನ ಕೋರ್ಟಿನಲ್ಲಿ ಅವಳ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಹಾಲೇಶನ ಬಲಗೈ ಮುಷ್ಟಿ ಕಟ್ಟುವುದಿಲ್ಲ. ಹದಿನೇಳನೇ ಬೋರನ್ನು ಬೇರೆಯವರಿಗೆ ವಹಿಸುತ್ತೇವೆಂದರೆ ಅವಳು ಒಪ್ಪಲಿಲ್ಲ.

ಕಳೆದ ತಿಂಗಳು ತರೀಕೆರೆಯಲ್ಲಿ ಹೊಸದಾಗಿ ಆಯ್ಕೆಯಾದ ಐದು ಜನಕ್ಕೆ ತರಬೇತಿ ಇತ್ತು. ಎಲ್ಲರೂ ಎಂಎಸ್ಸಿ ಓದಿದವರು. ಅವರಲ್ಲಿ ಧನ್ಯಶ್ರೀ ಎಂಬ ಹುಡುಗಿ ಹಿಂಜರಿಯುತ್ತಲೇ ಕೇಳಿದಳು: "ಮೇಡಂ, ಈ ಕೆಲಸದಲ್ಲಿ ಜನ ಹೊಡೀತಾರಂತೆ, ಹೌದಾ?"

"ಹೊಡೀತಾರೆ ಕಣವ್ವ," ಅಂದಳು ಹುಲಿಯಮ್ಮ. "ನೀನೂ ಹೊಡ್ದುಬಿಡ್ತೀಯ, ಅದು ಇನ್ನೂ ಕಷ್ಟ. ಮೊದ್ಲು ಅವ್ರ ಜಗಲಿ ಮೇಲೆ ಕೂತು, ಯಾಕೆ ಅಳೀತೀವಿ ಅಂತ ಹೇಳು. ನಾವು ಅದನ್ನ ಹೇಳ್ದೇ ಹೋದ್ವಿ."

ಆಮೇಲೆ ಟೇಪಿನ ಸುರುಳಿಯನ್ನು ಅವಳ ಕೈಗೆ ಕೊಟ್ಟು, ನಿಧಾನಕ್ಕೆ ಬಿಡು ಎಂದಳು.